ಹದಿನಾರನೆಯ ದಿನದ ಮಾತ್ರೆ

ತುರ್ತು ಚಿಕಿತ್ಸಾ ಘಟಕದ ಮೇಜಿನ ಮೇಲೆ ರೋಗಿಯ ಮಗ ಪ್ಲಾಸ್ಟಿಕ್ ಚೀಲವೊಂದನ್ನು ಬೋರಲು ಹಾಕಿದ. ಉದುರಿದ್ದು ಖಾಲಿ ಮಾತ್ರೆ ಪಟ್ಟಿಗಳು. ತಂದೆ ರೈತರು, ಆರು ತಿಂಗಳ ಹಿಂದೆ ಆಯುಷ್ಮಾನ್ ಕಾರ್ಡಿನಲ್ಲಿ ಬಿಡಿಗಾಸು ಖರ್ಚಿಲ್ಲದೆ ಸ್ಟೆಂಟ್, ಅಂದರೆ ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಹಾಕಿಸಿಕೊಂಡವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ವರ್ಷವಿಡೀ ತಪ್ಪದೆ ನುಂಗಬೇಕಿತ್ತು. ಬೆಳೆ ಕೈಕೊಟ್ಟ ಮೇಲೆ ಒಂದನ್ನು ಬಿಟ್ಟರು, ಆಮೇಲೆ ಇನ್ನೊಂದನ್ನೂ ಬಿಟ್ಟರು. ಈಗ ಸ್ಟೆಂಟ್ ಪೂರ್ತಿ ಕಟ್ಟಿಕೊಂಡಿತ್ತು.

ಆ ಕಾರ್ಡಿನ ಹಿಂದಿರುವುದು 2018ರ ಸೆಪ್ಟೆಂಬರ್‌ನಲ್ಲಿ ರಾಂಚಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ. ಅದು ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಭರಿಸುತ್ತದೆ. ಔಷಧದ ಹೊಣೆ ಮಾತ್ರ ರೋಗಿ ಆಸ್ಪತ್ರೆಯಿಂದ ಬಿಡುಗಡೆಯಾದ 15 ದಿನಗಳಿಗೆ ಮುಗಿಯುತ್ತದೆ.

ಇದು ಹೊಸ ರೋಗವಲ್ಲ. ತಿಂಗಳಿಗೆ 5 ರೂಪಾಯಿ ಕಂತಿನಲ್ಲಿ 2003ರಲ್ಲಿ ಸಹಕಾರ ಸಂಘಗಳ ರೈತರಿಗೆಂದು ಬಂದ ನಮ್ಮ ಕರ್ನಾಟಕದ ಯಶಸ್ವಿನಿ ಯೋಜನೆಯೂ ಶಸ್ತ್ರಚಿಕಿತ್ಸೆಯ ಸುತ್ತಲೇ ಹೆಣೆದದ್ದು. 2008ರಲ್ಲಿ ಬಡ ಕುಟುಂಬಗಳಿಗೆಂದು ಕೇಂದ್ರ ತಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ 30,000 ರೂಪಾಯಿ ಕೂಡ ಒಳರೋಗಿಗಳಿಗೇ. ಶಸ್ತ್ರಚಿಕಿತ್ಸೆಗೆ ದರ ಕಟ್ಟಬಹುದು, ಲೆಕ್ಕ ಹಿಡಿಯಬಹುದು, ಫಲಾನುಭವಿಯನ್ನು ವೇದಿಕೆಗೂ ಕರೆಯಬಹುದು. ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುವವರನ್ನು ಯಾರು ವೇದಿಕೆ ಹತ್ತಿಸುತ್ತಾರೆ? ಕೇಂದ್ರ, ರಾಜ್ಯಗಳ ಜಗಳವೆಲ್ಲ ಯೋಜನೆಗೆ ಯಾರ ಹೆಸರು ಎಂಬುದರಲ್ಲೇ ಕಳೆಯಿತು. ಪಶ್ಚಿಮ ಬಂಗಾಳ 2019ರಲ್ಲಿ ಆಯುಷ್ಮಾನ್ ಯೋಜನೆಯಿಂದ ಹೊರನಡೆಯಿತು. ನಾವು ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಎಂದು ಎರಡೂ ಹೆಸರು ಜೋಡಿಸಿ ಸುಮ್ಮನಾದೆವು.

ವಿಚಿತ್ರವೆಂದರೆ, ಹಳೆಯ ಕಾನೂನೇ ಹೆಚ್ಚು ಉದಾರ. ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಕೊಟ್ಟ ವರದಿಯ ಬುನಾದಿಯ ಮೇಲೆ 1948ರ ಕಾರ್ಮಿಕರ ರಾಜ್ಯ ವಿಮಾ (ಇ.ಎಸ್.ಐ.) ಕಾಯ್ದೆ ಬಂತು. ಇ.ಎಸ್.ಐ. ಚಿಕಿತ್ಸಾಲಯದಲ್ಲಿ ಹೊರರೋಗಿಗೂ ಮಾತ್ರೆ ಸಿಗುತ್ತದೆ; ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಕೈಸೇರುತ್ತದೆ. ಅಲ್ಲಿ ಸಾಲು ಉದ್ದ, ಗೊಣಗಾಟ ಇನ್ನೂ ಉದ್ದ, ಒಪ್ಪುತ್ತೇನೆ. ಆದರೂ ಕಾಯಿಲೆ ಎಂದರೆ ಬರೀ ಆಸ್ಪತ್ರೆಯ ಹಾಸಿಗೆಯಲ್ಲ ಎಂಬುದು ಆ ಕಾನೂನು ಬರೆದವರಿಗೆ ಗೊತ್ತಿತ್ತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ನೌಕರರಿಗಷ್ಟೇ ಅದರ ಬಾಗಿಲು ತೆರೆದಿದೆ. ಹೊಲದಲ್ಲಿ ದುಡಿಯುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು?

ನನ್ನ ರೋಗಿಗೆ ಎರಡನೆಯ ಸಲ ಸ್ಟೆಂಟ್ ಹಾಕಿದೆವು. ಅದೇ ಕಾರ್ಡು, ಮರುದಿನವೇ ಮಂಜೂರಾತಿ. ಬಿಡುಗಡೆಯ ದಿನ ಮಗ ಔಷಧಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: “ಸಾರ್, ಕಾರ್ಡಿನಲ್ಲಿ ಇನ್ನೂ ದುಡ್ಡು ಉಳಿದಿದೆಯಂತಲ್ಲ, ಅದರಲ್ಲೇ ಈ ಮಾತ್ರೆ ಕೊಡಲು ಬರುವುದಿಲ್ಲವೇ?”