ಮಗು ಕೈ ಎತ್ತಿದ ಮೇಲೆ ಮಿಕ್ಸಿ ಹಾಕಿ

"ಅಭ್ಯಾಸ ಆಗ್ಲಿ ಅಂತ ಹೀಗೆ ಮಾಡ್ತಿದ್ದೀವಿ ಮೇಡಂ." ವಾರಕ್ಕೆ ಒಂದು ಸಲವಾದರೂ ಈ ಮಾತು ಕೇಳುತ್ತೇನೆ. ಕಿವಿ ಮುಚ್ಚಿಕೊಂಡು ಅಳುವ ಮಗುವನ್ನು ಮದುವೆ ಮನೆಯಲ್ಲಿ ವಾಲಗದವರ ಪಕ್ಕದಲ್ಲೇ ಕೂರಿಸುತ್ತಾರೆ. ಕೈಗೆ ಅಂಟಿದರೆ ಆಗದ ಮಗುವಿನ ಕೈ ಹಿಡಿದು ಸಾರನ್ನ ಕಲಸುತ್ತಾರೆ. ಕೂದಲು ಕತ್ತರಿಸುವಾಗ ಇಬ್ಬರು ಅದುಮಿ ಹಿಡಿಯುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಆದರೂ ದಿನನಿತ್ಯದ ಕೆಲಸಗಳು ಕಷ್ಟವಾದವರಿಗೆ ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಇಷ್ಟು ವರ್ಷ ಕೆಲಸ ಮಾಡಿದ ಮೇಲೂ, ಈ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ.

ಐದು ವರ್ಷದ ಒಬ್ಬ ಹುಡುಗನಿದ್ದ. ಮಿಕ್ಸಿ ಸದ್ದು ಬಂದರೆ ಕಿರುಚುತ್ತಿದ್ದ. ಅಭ್ಯಾಸವಾಗಲಿ ಎಂದು ಅವನ ಅಜ್ಜಿ ದಿನಕ್ಕೆ ಮೂರು ಸಲ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಿಕ್ಸಿ ಹಾಕತೊಡಗಿದರು. ಹದಿನೈದು ದಿನದಲ್ಲಿ ಹುಡುಗ ಅಡುಗೆಮನೆ ಹೊಸ್ತಿಲು ದಾಟುವುದನ್ನೇ ಬಿಟ್ಟ. ಆಮೇಲೆ ಕಾಯಿ ಒಡೆಯುವ ಸದ್ದಿಗೇ ಅಳು. ಕಾಯಿ ಒಡೆದರೆ ಚಟ್ನಿ, ಚಟ್ನಿ ಅಂದರೆ ಮಿಕ್ಸಿ. ಕೊನೆಗೆ ತುರಿಮಣೆ ಕಂಡರೂ ಓಡಿಹೋಗುತ್ತಿದ್ದ.

"ನೋಡಮ್ಮಾ, ಎಷ್ಟು ಹಠ ಇವನದು" ಅಂದರು ಅಜ್ಜಿ.

ಇದು ಹಠ ಅಲ್ಲ. ಯಾಕೆ ಅಲ್ಲ ಎಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ತಲೆ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಅದರ ಸದ್ದು ಇಷ್ಟು ಹೊತ್ತು ನಿಮ್ಮ ಗಮನಕ್ಕೇ ಬಂದಿರಲಿಲ್ಲ ಅಲ್ವಾ? ಅಪಾಯವಿಲ್ಲದ್ದನ್ನು ಮಿದುಳು ತಾನೇ ಬದಿಗೆ ಸರಿಸುತ್ತದೆ. ಕೆಲವರ ಮಿದುಳು ಹಾಗೆ ಸರಿಸುವುದಿಲ್ಲ. ಹತ್ತನೇ ಸಲದ ಸದ್ದೂ ಮೊದಲ ಸಲದಷ್ಟೇ ಜೋರಾಗಿ ಬಡಿಯುತ್ತದೆ. ಆಟಿಸಂ ಇರುವ, ಸದ್ದು ಮತ್ತು ಸ್ಪರ್ಶ ತಡೆಯಲಾಗದ ಮಕ್ಕಳ ಮಿದುಳಿನ ಸ್ಕ್ಯಾನ್ ಮಾಡಿದ ಒಂದು ಅಧ್ಯಯನ 2015ರಲ್ಲಿ ಬಂತು. ಅಪಾಯ ಗುರುತಿಸುವ ಅಮಿಗ್ಡಲಾ ಎಂಬ ಭಾಗ ಬೇರೆ ಮಕ್ಕಳಲ್ಲಿ ಸ್ವಲ್ಪ ಹೊತ್ತಿಗೆ ಶಾಂತವಾಗುತ್ತಿತ್ತು. ಇವರಲ್ಲಿ ಹಾಗೆ ಆಗುತ್ತಿರಲಿಲ್ಲ. ಅಂದಮೇಲೆ ಕೇಳಿಸಿದಷ್ಟೂ ಅಭ್ಯಾಸ ಆಗುತ್ತೆ ಅನ್ನುವ ಲೆಕ್ಕ ಇಂಥ ಮಕ್ಕಳಿಗೆ ಹೊಂದುವುದಿಲ್ಲ. ಓಡಿಹೋಗಲು ದಾರಿಯಿಲ್ಲದಂತೆ ಹಿಡಿದು ಕೂರಿಸಿದರೆ ಮಗು ಹೆದರಿಕೆಯನ್ನು ಮಾತ್ರ ಕಲಿಯುತ್ತದೆ.

ಹಾಗಂತ ಜೀವನವಿಡೀ ಮಿಕ್ಸಿ ಹಾಕಬೇಡಿ ಅನ್ನುತ್ತಿಲ್ಲ. ಹತೋಟಿ ಯಾರ ಕೈಯಲ್ಲಿದೆ ಅನ್ನುವುದಷ್ಟೇ ನನ್ನ ಮಾತು. ಸದ್ದು, ಸ್ಪರ್ಶದಂಥ ಸಂವೇದನೆಗಳನ್ನು ಮಿದುಳು ಹೊಂದಿಸಿಕೊಳ್ಳಲು ನೆರವಾಗುವ ಸೆನ್ಸರಿ ಇಂಟಿಗ್ರೇಷನ್ ಎಂಬ ಪದ್ಧತಿಯನ್ನು ಕಟ್ಟಿದ ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಕೂಡ ಮಗು ತಾನಾಗಿ ಮುಂದೆ ಬಂದು ಮಾಡುವುದಕ್ಕೇ ಒತ್ತು ಕೊಟ್ಟರು.

ನಾವು ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ನೋವೋ ಸೋಂಕೋ ಇದ್ದರೆ ಅದಕ್ಕೆ ಡಾಕ್ಟರೇ ಬೇಕು. ಆಮೇಲೆ ಹುಡುಗನನ್ನು ಗೇಟಿನ ಹತ್ತಿರ ನಿಲ್ಲಿಸಿದೆವು. ಮಿಕ್ಸಿ ಒಳಗೆ, ಅಜ್ಜಿ ಕಿಟಕಿಯಲ್ಲಿ. ಅವನು ಕೈ ಎತ್ತಿದರೆ ಅಜ್ಜಿ ಹಾಕಬೇಕು, ಇಳಿಸಿದ ತಕ್ಷಣ ನಿಲ್ಲಿಸಬೇಕು. ಎರಡು ದಿನ ಅವನು ಕೈಯೇ ಎತ್ತಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಮೂರನೇ ದಿನ ಸ್ವಲ್ಪವೇ ಎತ್ತಿ, ಗರ್ ಅಂದ ಕೂಡಲೇ ಇಳಿಸಿದ. ಸದ್ದು ನಿಂತಿತು. ಅವನು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. ಎಷ್ಟೋ ವಾರ ಬಿಟ್ಟು ಜಗಲಿಗೆ ಬಂದ, ಆಮೇಲೆ ಹೊಸ್ತಿಲಿಗೆ.

ಎಲ್ಲ ಮಕ್ಕಳಿಗೂ ಇದೇ ದಾರಿ ಅಂತ ದಯವಿಟ್ಟು ತಿಳಿಯಬೇಡಿ. ಸದ್ದು, ಸ್ಪರ್ಶ ತಡೆಯಲಾಗದ ಇಂಥ ಸಂವೇದನೆಯ ತೊಂದರೆಗೆ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಪ್ರತ್ಯೇಕ ಕಾಯಿಲೆಯ ಹೆಸರಿಲ್ಲ. ಆಟಿಸಂ ಲಕ್ಷಣಗಳ ಜೊತೆ ಅದು ಸೇರಿದೆ. ಆಟಿಸಂ ಇಲ್ಲದವರಲ್ಲೂ ಇಂಥ ಕಷ್ಟ ಕಾಣುತ್ತದೆ, ಹಾಗಾಗಿ ಪೂರ್ತಿ ತಪಾಸಣೆ ಬೇಕು. ಮಗುವನ್ನು ಶಾಂತಗೊಳಿಸುತ್ತದೆ ಅಂತ ಆನ್‌ಲೈನ್‌ನಲ್ಲಿ ಮಾರುವ ಭಾರದ ಜಾಕೆಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ, ಅದರಿಂದ ಉಪಯೋಗವಿದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ನೀರಿನ ಬಕೆಟ್ ಎತ್ತುವುದು, ಚಪಾತಿ ಹಿಟ್ಟು ನಾದುವುದು ಎಷ್ಟೋ ಮಕ್ಕಳಿಗೆ ಹಿತ ಕೊಡುವುದನ್ನು ನಾನು ಕಂಡಿದ್ದೇನೆ.

ಆ ಹುಡುಗನ ಅಪ್ಪ ನಮ್ಮ ಪ್ರಶ್ನಾವಳಿ ತುಂಬುತ್ತಿದ್ದವರು ಬಟ್ಟೆಯ ಪ್ರಶ್ನೆ ಬಂದಾಗ ಪೆನ್ ಕೆಳಗಿಟ್ಟರು. "ಮೇಡಂ, ಇದು ನನಗೂ ಇದೆ." ಶರ್ಟ್ ಕಾಲರ್ ಸರಿಸಿ ತೋರಿಸಿದರು. ಬನಿಯನ್ ಉಲ್ಟಾ ಹಾಕಿದ್ದರು, ಹೊಲಿಗೆ ಮೈಗೆ ತಾಗದಿರಲಿ ಅಂತ. ಮೂವತ್ತೆಂಟು ವರ್ಷದ ಮನುಷ್ಯ, ಹೆಂಡತಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ದೊಡ್ಡವರಿಗೆ ನಾವು ಮಾಡುವುದು ಹೆಚ್ಚಾಗಿ ಸಣ್ಣ ಬದಲಾವಣೆಗಳನ್ನೇ. ಇವರು ಆಫೀಸಿನಲ್ಲಿ ಪ್ರಿಂಟರ್ ಪಕ್ಕದಿಂದ ಮೂಲೆಯ ಟೇಬಲ್‌ಗೆ ಹೋದರು, ಸಂಜೆಯ ತಲೆನೋವು ಕಡಿಮೆಯಾಯಿತು.

ಅಜ್ಜಿ ಅವತ್ತು ಪಕ್ಕದಲ್ಲೇ ಇದ್ದರು. "ಚಿಕ್ಕವನಿದ್ದಾಗ ಇವನಿಗೆ ಹೊಡೆದು ಯೂನಿಫಾರಂ ಹಾಕ್ತಿದ್ದೆ ಕಣಮ್ಮಾ" ಅಂದು ಸುಮ್ಮನಾದರು. ಮುಂದಿನ ವಾರ ನಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಮೊಮ್ಮಗನ ಅಂಗಿಯ ಲೇಬಲ್ಲನ್ನು ಒಂದೊಂದೇ ಹೊಲಿಗೆ ಬಿಚ್ಚಿ ತೆಗೆಯುತ್ತಿದ್ದರು.