ಓರ್ಕಾಗಳ ಕಣ್ಣು ಚುಕ್ಕಾಣಿಯ ಮೇಲೆ: ‘ನಿಲ್ಲಿಸಿ’ ಎಂಬ ಸಲಹೆ ‘ನಿಲ್ಲಬೇಡಿ’ ಎಂದಾದ ಬಗೆ

2020ರ ಬೇಸಿಗೆಯಲ್ಲಿ ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಜಿಬ್ರಾಲ್ಟರ್ ಜಲಸಂಧಿಯಲ್ಲಿ ಓರ್ಕಾಗಳು (‘ಕೊಲೆಗಾರ ತಿಮಿಂಗಿಲ’ಗಳು) ಹಾಯಿದೋಣಿಗಳ ಹಿಂಬದಿಗೆ ಬಂದು, ದಿಕ್ಕು ತಿರುಗಿಸುವ ನೀರಿನಡಿಯ ಹಲಗೆಯಾದ ಚುಕ್ಕಾಣಿಯನ್ನು ತಲೆಯಿಂದ ನೂಕತೊಡಗಿದವು. ಕೆಲವೇ ತಿಂಗಳಲ್ಲಿ ಅದೇ ದೂರು ಪೋರ್ಚುಗಲ್ ಕರಾವಳಿಯಿಂದಲೂ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಿಂದಲೂ ಬಂತು. ಸೆಪ್ಟೆಂಬರಿನಲ್ಲಿ ಸ್ಪೇನ್ ಸರ್ಕಾರ ಗಲೀಸಿಯಾ ಕರಾವಳಿಯ ಒಂದು ಭಾಗದಲ್ಲಿ 15 ಮೀಟರಿಗಿಂತ ಚಿಕ್ಕ ಹಾಯಿದೋಣಿಗಳ ಸಂಚಾರವನ್ನು ತಾತ್ಕಾಲಿಕವಾಗಿ ತಡೆಯಿತು. ಮರುವರ್ಷ ದಕ್ಷಿಣ ಸ್ಪೇನಿನ ಟ್ರಫಾಲ್ಗರ್ ಭೂಶಿರ ಮತ್ತು ಬಾರ್ಬಾತೆ ನಡುವೆಯೂ ಅಂಥದೇ ನಿರ್ಬಂಧ ಬಂತು.

ದಕ್ಷಿಣದಿಂದ ಉತ್ತರಕ್ಕೆ ಸಾಗಿದ ಈ ದಾರಿ ಬ್ಲೂಫಿನ್ ಟ್ಯೂನಾ ಮೀನಿನದು. ವಸಂತದಲ್ಲಿ ಟ್ಯೂನಾ ಮೊಟ್ಟೆಯಿಡಲು ಜಲಸಂಧಿ ದಾಟಿ ಮೆಡಿಟರೇನಿಯನ್ ಸೇರುತ್ತದೆ, ಬೇಸಿಗೆಯಲ್ಲಿ ಅಟ್ಲಾಂಟಿಕ್‌ಗೆ ಮರಳುತ್ತದೆ. ಅದನ್ನೇ ನೆಚ್ಚಿ ಬದುಕುವ ಐಬೀರಿಯನ್ (ಸ್ಪೇನ್, ಪೋರ್ಚುಗಲ್ ಕರಾವಳಿಯ) ಓರ್ಕಾಗಳ ಸಂಖ್ಯೆ ಐವತ್ತಕ್ಕೂ ಕಡಿಮೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2019ರಲ್ಲಿ ಈ ಗುಂಪನ್ನು ಅಳಿವಿನ ತೀವ್ರ ಅಪಾಯದಲ್ಲಿದೆ ಎಂದು ಗುರುತಿಸಿತು. ಅವುಗಳಲ್ಲೂ ದೋಣಿ ಮುಟ್ಟುವವು ಕೆಲವು ಮಾತ್ರ. ಅವಕ್ಕೆ ಸಂಶೋಧಕರು ‘ಗ್ಲಾಡಿಸ್’ ಎಂಬ ಹೆಸರಿಟ್ಟಿದ್ದಾರೆ. ಒಂದೊಂದನ್ನೂ ಬೆನ್ನಿನ ರೆಕ್ಕೆಯ ಗುರುತಿನಿಂದ ಪತ್ತೆಹಚ್ಚುತ್ತಾರೆ.

ಓರ್ಕಾಗಳು ದೋಣಿ ಮುಳುಗಿಸಿದ್ದು ಇದೇ ಮೊದಲಲ್ಲ. 1972ರ ಜೂನಿನಲ್ಲಿ ಗಲಾಪಗೋಸ್ ದ್ವೀಪಗಳ ಪಶ್ಚಿಮಕ್ಕೆ ‘ಲುಸೆಟ್’ ಎಂಬ ಮರದ ದೋಣಿಯ ಒಡಲಿಗೆ ಓರ್ಕಾಗಳು ಗುದ್ದಿ ಅದು ನಿಮಿಷಗಳಲ್ಲೇ ಮುಳುಗಿತು. ಅದರಲ್ಲಿದ್ದ ಆರು ಮಂದಿ 38 ದಿನ ಕಡಲಲ್ಲಿ ತೇಲಿ ಬದುಕುಳಿದರು. ಅಲ್ಲಿ ಏಟು ಬಿದ್ದದ್ದು ಒಡಲಿಗೆ. ಐಬೀರಿಯಾದಲ್ಲಿ ಗುರಿ ಚುಕ್ಕಾಣಿ. ಇದನ್ನು ‘ದಾಳಿ’ ಎಂದು ಕರೆದು ಕೈತೊಳೆದುಕೊಂಡರೆ ಈ ವ್ಯತ್ಯಾಸವೇ ಮರೆಯಾಗುತ್ತದೆ, ಪರಿಹಾರವೂ ಸಿಗುವುದಿಲ್ಲ.

ಈಗಿನ ಹೆಚ್ಚಿನ ಹಾಯಿದೋಣಿಗಳಲ್ಲಿ ಚುಕ್ಕಾಣಿಯ ಹಲಗೆ ಒಂದೇ ದಂಡದಿಂದ ಕೆಳಗೆ ಜೋತಾಡುತ್ತದೆ. ಫೋಮಿನ ತಿರುಳಿಗೆ ಫೈಬರ್‌ಗ್ಲಾಸ್ ಹೊದಿಕೆ. ದಂಡಕ್ಕೆ ಆಧಾರ ಒಡಲೊಳಗಿನ ಎರಡು ಬೇರಿಂಗ್ ಮಾತ್ರ. ತಳದಲ್ಲಿ ಹಿಡಿತವೇ ಇಲ್ಲ. ಐದಾರು ಮೀಟರ್ ಉದ್ದದ ಪ್ರಾಣಿ ಹಲಗೆಯ ಕೆಳತುದಿಯನ್ನು ನೂಕಿದರೆ ಆ ಬಲ ಸನ್ನೆಗೋಲಿನಂತೆ ಬೆಳೆದು ಬೇರಿಂಗಿಗೆ ತಾಗುತ್ತದೆ. ಹಲಗೆ ಮುರಿದು ಉದುರಿದರೆ ದಿಕ್ಕು ತಪ್ಪುತ್ತದೆ, ಆದರೆ ದೋಣಿ ತೇಲುತ್ತಲೇ ಇರುತ್ತದೆ. ದಂಡ ಮುರಿಯದೆ ಬಾಗಿ, ತಾನು ಹಾದುಹೋಗುವ ಕೊಳವೆಯನ್ನೇ ಒಡಲಿನಿಂದ ಸೀಳಿದಾಗ ನೀರು ನುಗ್ಗುತ್ತದೆ. ಗಟ್ಟಿ ದಂಡವೇ ಇಲ್ಲಿ ಹೆಚ್ಚು ಅಪಾಯ ತರಬಹುದು. 2023ರ ಮೇ ತಿಂಗಳಲ್ಲಿ ಬಾರ್ಬಾತೆ ಬಳಿ ‘ಶಾಂಪೇನ್’ ಎಂಬ ದೋಣಿಯ ಚುಕ್ಕಾಣಿಯೂ ಒಡಲೂ ಜಖಂಗೊಂಡು, ಎಳೆದೊಯ್ಯುವಾಗ ಅದು ಮುಳುಗಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಮೊರಾಕ್ಕೊದ ಟ್ಯಾಂಜಿಯರ್ ಮೆಡ್ ಬಂದರಿನ ಹತ್ತಿರ ಇನ್ನೊಂದು ದೋಣಿ ಸುಮಾರು 45 ನಿಮಿಷ ಏಟು ತಿಂದು ಮುಳುಗಿತು. ಎರಡರಲ್ಲೂ ಜನ ಪಾರಾದರು.

ದೋಣಿ ನಡೆಸುವವರಿಗೆ ಮೊದಮೊದಲು ಕೊಟ್ಟ ಸಲಹೆ ಸರಳವಾಗಿತ್ತು: ಹಾಯಿ ಇಳಿಸಿ, ಎಂಜಿನ್ ಮತ್ತು ಆಟೊಪೈಲಟ್ ಆರಿಸಿ, ಚುಕ್ಕಾಣಿ ತಿರುಗಿಸುವ ಚಕ್ರ ಬಿಟ್ಟುಬಿಡಿ, ಸದ್ದು ಮಾಡಬೇಡಿ. ಚುಕ್ಕಾಣಿ ಪ್ರತಿರೋಧ ತೋರದಿದ್ದರೆ ಓರ್ಕಾಗೆ ಬೇಸರವಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ನಿಂತ ದೋಣಿಗಳ ಚುಕ್ಕಾಣಿಯೂ ಮುರಿಯುತ್ತಲೇ ಹೋದಾಗ ಮಾತು ತಿರುಗಿತು. 2024ರಲ್ಲಿ ಸ್ಪೇನಿನ ಪರಿಸರ ಸಚಿವಾಲಯ ಹೇಳಿದ್ದು ಇದಕ್ಕೆ ವಿರುದ್ಧ: ನಿಲ್ಲಬೇಡಿ, ಎಂಜಿನ್ ಹಾಕಿ ಕಡಿಮೆ ಆಳದ ನೀರಿನತ್ತ ಸಾಗಿ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಾದಿಸ್ ಕೊಲ್ಲಿಯಿಂದ ಜಲಸಂಧಿಯವರೆಗೆ ಸುರಕ್ಷತೆ ಇರುವಷ್ಟು ದಡದ ಹತ್ತಿರವೇ ಹೋಗಿ. ದಡದ ಬಂಡೆ, ಮೀನು ಬಲೆಗಳ ಅಪಾಯ ಇದರಿಂದ ಹೆಚ್ಚುತ್ತದೆ, ಅದರಲ್ಲೂ ಬಾರ್ಬಾತೆ, ಜಹಾರಾ ದೆ ಲೊಸ್ ಅತುನೆಸ್ ಊರುಗಳ ಬಳಿಯ ಟ್ಯೂನಾ ಬಲೆಗಳದ್ದು. ಹಾಗಾಗಿ ನಕ್ಷೆ ನೋಡದೆ ದಡ ಹಿಡಿಯುವುದು ಬೇರೆಯದೇ ಗಂಡಾಂತರ.

ಹೊರಡುವ ಮುನ್ನವೇ ಚುಕ್ಕಾಣಿ ದಂಡ ಒಡಲೊಳಗೆ ಹಾದುಹೋಗುವ ಜಾಗಕ್ಕೆ ಕೈ ಹೋಗುವಂತೆ ಸಾಮಾನು ತೆರವು ಮಾಡಬೇಕು. ಮರದ ಬೆಣೆ, ನೀರಿನಡಿಯಲ್ಲಿ ಗಟ್ಟಿಯಾಗುವ ಎಪಾಕ್ಸಿ, ಟಾರ್ಪಾಲಿನ್, ಕೈಪಂಪು ಅಲ್ಲೇ ಇರಲಿ. ತುರ್ತು ಚುಕ್ಕಾಣಿ ಹಿಡಿ ಇದ್ದರೆ ಸಾಕೆಂದು ನಂಬಬಾರದು: ದಂಡ ಬಾಗಿದರೆ ಅದು ತಿರುಗುವುದಿಲ್ಲ, ಹಲಗೆ ಹೋದರೆ ತಿರುಗಿಯೂ ಉಪಯೋಗವಿಲ್ಲ. ಆಗ ನೆರವಾಗುವುದು ದೋಣಿಯ ಹಿಂದೆ ನೀರಲ್ಲಿ ಎಳೆದೊಯ್ಯುವ, ತಡೆಯೊಡ್ಡುವ ಚೀಲ (ಡ್ರೋಗ್). ಅದರ ಹಗ್ಗಗಳನ್ನು ದೋಣಿಯ ಎರಡೂ ಬದಿಗೆ ಕಟ್ಟಿ, ಒಂದನ್ನು ಬಿಗಿದು ಇನ್ನೊಂದನ್ನು ಸಡಿಲಿಸಿದರೆ ದಿಕ್ಕು ತಿರುಗುತ್ತದೆ. ಏಟು ಬೀಳುವಾಗ ಚಕ್ರ ರಭಸವಾಗಿ ತಿರುಗಿ ಬೆರಳು, ಮಣಿಕಟ್ಟು ಮುರಿಯಬಲ್ಲದು, ಕೈ ದೂರವಿರಲಿ. ಎಲ್ಲರೂ ಜೀವರಕ್ಷಕ ಕವಚ ತೊಟ್ಟು, ಅಂಚಿನಿಂದ ದೂರ ಕೂರಬೇಕು. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಬೇಗನೆ ತಿಳಿಸಬೇಕು.

ಏಕೆ ಹೀಗೆ ಮಾಡುತ್ತವೆ? ‘ಗಾಯಗೊಂಡ ಹೆಣ್ಣು ಓರ್ಕಾ ಸೇಡು ತೀರಿಸಿಕೊಳ್ಳುತ್ತಿದೆ’ ಎಂಬ ಕಥೆ ಬಹಳ ಹಬ್ಬಿದೆ, ಆಧಾರ ಮಾತ್ರ ಬಲವಾಗಿಲ್ಲ. 2024ರಲ್ಲಿ ತಜ್ಞರ ಕಾರ್ಯಾಗಾರವೊಂದು ಇದು ಎಳೆಯ ಓರ್ಕಾಗಳ ಆಟ, ಗುಂಪಿನೊಳಗೆ ಹರಡಿದ ಖಯಾಲಿ ಎಂಬ ಅಭಿಪ್ರಾಯಕ್ಕೆ ಬಂತು. ಅದನ್ನು ನಂಬಲು ಕಾರಣವಿದೆ: ಅವು ಚುಕ್ಕಾಣಿಯನ್ನು ತಿನ್ನುವುದಿಲ್ಲ, ಮುರಿದ ಮೇಲೆ ಸಾಮಾನ್ಯವಾಗಿ ಹೊರಟುಹೋಗುತ್ತವೆ.

ಓರ್ಕಾಗಳನ್ನು ಓಡಿಸಲು ಪಟಾಕಿ ಎಸೆಯುವುದು, ಡೀಸೆಲ್ ಸುರಿಯುವುದು ಕಾನೂನಿಗೆ ವಿರುದ್ಧ. ಓರ್ಕಾ ಬೇಟೆಯಾಡುವುದೂ ಮರಿಗಳೊಂದಿಗೆ ಮಾತಾಡುವುದೂ ಕಿವಿಯ ನೆಚ್ಚಿಕೆಯಿಂದ. ಐವತ್ತೂ ಇಲ್ಲದ ಗುಂಪಿನಲ್ಲಿ ಮರಿ ಹೆರುವ ಒಂದು ಹೆಣ್ಣು ಕಿವುಡಾದರೂ ಆ ನಷ್ಟ ದೊಡ್ಡದು. ಮುರಿದ ಚುಕ್ಕಾಣಿಯನ್ನಾದರೆ ಬಂದರಿನಲ್ಲಿ ಮತ್ತೆ ಕೂರಿಸಬಹುದು.