ಸಣ್ಣ ಗಾಯದ ಉದ್ದನೆಯ ಕಥೆ: ಹುಬ್ಬು ಎತ್ತುವ ಸರ್ಜರಿ ಇಲ್ಲಿಗೆ ಬಂದದ್ದು ಹೇಗೆ?

ಕನ್ನಡಿ ಮುಂದೆ ನಿಂತು ಹುಬ್ಬಿನ ಹೊರತುದಿಯನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಒತ್ತಿ ನೋಡಿ. ಕಣ್ಣು ಅಗಲವಾಗುತ್ತದೆ, ಮುಖದ ಸುಸ್ತು ಇಳಿದಂತೆ ಕಾಣುತ್ತದೆ. ನಲವತ್ತು ದಾಟಿದವರಲ್ಲಿ ಇದನ್ನು ಒಮ್ಮೆಯೂ ಮಾಡದವರು ಕಡಿಮೆ. ನಾನಂತೂ ಮಾಡಿದ್ದೇನೆ. ಬೆರಳು ತೆಗೆದ ಕೂಡಲೇ ಹುಬ್ಬು ವಾಪಸ್ ತನ್ನ ಜಾಗಕ್ಕೆ. ಬೆರಳು ಮಾಡಿದ ಈ ಕೆಲಸವನ್ನು ಉಳಿಸಿಕೊಳ್ಳುವುದು ಹೇಗೆ ಅಂತ ಸರ್ಜನ್‌ಗಳು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ.

ಈಗ ಇದರ ಬಗ್ಗೆ ವಿಚಾರಿಸಲು ಹೊರಟರೆ ತಲೆ ಗಿರ್ ಎನ್ನುತ್ತದೆ. ಬ್ರೋ ಲಿಫ್ಟ್ ಎಂಬ ಒಂದೇ ಹೆಸರಿನಲ್ಲಿ ಇಂಜೆಕ್ಷನ್ ಇದೆ, ದಾರ ಇದೆ, ಅಲ್ಟ್ರಾಸೌಂಡ್ ಇದೆ, ಎಂಡೋಸ್ಕೋಪ್ (ಒಳಗೆ ತೂರಿಸಿ ನೋಡುವ ಕ್ಯಾಮೆರಾ ಕೊಳವೆ) ಇದೆ. ಎಲ್ಲದಕ್ಕೂ 'ಮಿನಿಮಲಿ ಇನ್ವೇಸಿವ್', ಅಂದರೆ ಆದಷ್ಟು ಕಡಿಮೆ ಕೊಯ್ಯುವಂಥದ್ದು, ಎಂಬ ಹಣೆಪಟ್ಟಿ. ಇದರಲ್ಲಿ ಒಂದು ಹತ್ತು ನಿಮಿಷದ ಚುಚ್ಚುಮದ್ದು. ಇನ್ನೊಂದರಲ್ಲಿ ಹಣೆಯ ಪೂರ್ತಿ ಹೊದಿಕೆಯನ್ನು ಮೂಳೆಯಿಂದ ಬಿಡಿಸುತ್ತಾರೆ. ಎರಡಕ್ಕೂ ಒಂದೇ ಪದ ಹೇಗೆ ಬಂತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಅದಕ್ಕೂ ಮೊದಲು ಹಣೆಯೊಳಗಿನ ಹಗ್ಗಜಗ್ಗಾಟ. ಹುಬ್ಬನ್ನು ಮೇಲೆ ಎಳೆಯುವ ಸ್ನಾಯು ಒಂದೇ, ಫ್ರಾಂಟಾಲಿಸ್. ನಾವು ಹುಬ್ಬೇರಿಸಿದಾಗ ಹಣೆಯಲ್ಲಿ ಅಡ್ಡಗೆರೆ ಬೀಳುವುದು ಇದರಿಂದಲೇ. ಕೆಳಕ್ಕೆ ಎಳೆಯುವವರ ಗುಂಪು ದೊಡ್ಡದು: ಹುಬ್ಬು ಗಂಟಿಕ್ಕಿಸುವ ಕಾರುಗೇಟರ್, ಮೂಗಿನ ಬುಡದ ಪ್ರೊಸೀರಸ್, ಕಣ್ಣಿನ ಸುತ್ತ ಬಳೆಯಂತಿರುವ ಆರ್ಬಿಕ್ಯುಲಾರಿಸ್. ಫ್ರಾಂಟಾಲಿಸ್ ಕಣತಲೆಯವರೆಗೆ, ಅಂದರೆ ಕಣ್ಣು ಮತ್ತು ಕಿವಿಯ ನಡುವಿನ ಜಾಗದವರೆಗೆ, ಹೋಗುವುದಿಲ್ಲ, ಅದಕ್ಕೂ ಮುಂಚೆಯೇ ಮುಗಿದುಹೋಗುತ್ತದೆ. ಹಾಗಾಗಿ ಹುಬ್ಬಿನ ಹೊರತುದಿಯನ್ನು ಮೇಲೆ ಎಳೆಯುವವರು ಯಾರೂ ಇಲ್ಲ. ಮೊದಲು ಜೋಲುವುದು ಅದೇ.

ಪ್ಯಾರಿಸ್‌ನ ಸರ್ಜನ್ ರೇಮಂ ಪಾಸೊ 1919ರಲ್ಲಿ ಕೂದಲಿನ ಗೆರೆಯ ಬಳಿ ಸಣ್ಣ ಸಣ್ಣ ಎಲೆಯಾಕಾರದ ಚರ್ಮದ ತುಂಡು ತೆಗೆದು ಹೊಲಿದರೆ ಹುಬ್ಬು ಏರುತ್ತದೆ ಎಂದು ಬರೆದರು. ಗಮನಿಸಿ, ಅದೂ ಸಣ್ಣ ಗಾಯವೇ! 1926ರಲ್ಲಿ ನ್ಯೂಯಾರ್ಕ್‌ನ ಹಂಟ್ ಉದ್ದ ಗಾಯದ ದಾರಿ ತೋರಿಸಿದರು. ಮಧ್ಯೆ ಕೆಲವರು ಹಣೆಗೆ ಹೋಗುವ ನರವನ್ನೇ ಕತ್ತರಿಸಿ ಸುಕ್ಕು ಹೋಗಿಸಲು ನೋಡಿದರು. ಸುಕ್ಕೇನೋ ಹೋಯಿತು, ಎತ್ತುವ ಒಂದೇ ಸ್ನಾಯು ಸತ್ತ ಮೇಲೆ ಹುಬ್ಬು ಇನ್ನಷ್ಟು ಇಳಿಯಿತು. 1962ರಲ್ಲಿ ಮೆಕ್ಸಿಕೋದ ಗೊನ್ಸಾಲೆಸ್ ಉಯೋವಾ ಫೇಸ್‌ಲಿಫ್ಟ್ ಜೊತೆಗೆ ಹಣೆಯನ್ನೂ ಸೇರಿಸಿದರು. ಅಲ್ಲಿಂದ ಸುಮಾರು ಮೂವತ್ತು ವರ್ಷ 'ಕೊರೋನಲ್ ಲಿಫ್ಟ್' ಆಳಿತು.

ಕೊರೋನಲ್ ಅಂದರೆ ಕಿವಿಯಿಂದ ಕಿವಿಗೆ, ಹೇರ್‌ಬ್ಯಾಂಡ್ ಹಾಕುವ ಜಾಗದಲ್ಲಿ ಕೊಯ್ಯುವುದು. ಹಣೆಯನ್ನು ಹುಬ್ಬಿನವರೆಗೆ ಬಿಡಿಸಿ, ಹಿಂದಕ್ಕೆ ಎಳೆದು, ಹೆಚ್ಚಾದ ತಲೆಚರ್ಮವನ್ನು ಪಟ್ಟಿಯಂತೆ ಕತ್ತರಿಸಿ ಹೊಲಿಯುವುದು. ಸರ್ಜನ್‌ಗೆ ಎಲ್ಲವೂ ಕಣ್ಣೆದುರೇ ಕಾಣುತ್ತಿತ್ತು. ಎಳೆದದ್ದು ನಿಲ್ಲುತ್ತಿತ್ತು ಕೂಡ, ಯಾಕೆಂದರೆ ಚರ್ಮವೇ ಕಡಿಮೆಯಾಗಿದೆಯಲ್ಲ. ಆದರೆ ಬೆಲೆಯೂ ಇತ್ತು. ಗಾಯದ ಗೆರೆಯುದ್ದಕ್ಕೂ ಕೂದಲು ಉದುರುವುದು, ಹಣೆ ಉದ್ದವಾಗುವುದು, ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ನೆತ್ತಿ ಮರಗಟ್ಟುವುದು. ಹಣೆಯಿಂದ ನೆತ್ತಿಗೆ ಹೋಗುವ ನರದ ಕವಲು ಆ ಉದ್ದ ಗಾಯದಲ್ಲಿ ತುಂಡಾಗುತ್ತಿತ್ತು. ತಲೆ ಬಾಚುವಾಗ ಬಾಚಣಿಗೆ ಬೇರೆಯವರ ತಲೆ ಮೇಲೆ ಹೋದಂತೆ. ಸ್ಪರ್ಶ ವಾಪಸ್ ಬರುವಾಗ ಕೆಲವರಿಗೆ ತಿಂಗಳುಗಟ್ಟಲೆ ತುರಿಕೆ, ಕೆರೆದರೂ ಸಮಾಧಾನವಿಲ್ಲದ ತುರಿಕೆ.

ಇಷ್ಟರಲ್ಲಿ ಹೊಟ್ಟೆಯ ಸರ್ಜರಿಯಲ್ಲಿ ಕ್ರಾಂತಿಯಾಗಿತ್ತು. 1980ರ ದಶಕದ ಕೊನೆಯಲ್ಲಿ ಪಿತ್ತಕೋಶವನ್ನು ಕೀಹೋಲ್‌ನಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ತೆಗೆಯುವುದು ಶುರುವಾಗಿ, ನಾಲ್ಕೈದು ವರ್ಷದಲ್ಲಿ ದೊಡ್ಡ ಗಾಯ ಹಳೇ ಕಾಲದ ಮಾತಾಯಿತು. ಹಣೆಗೂ ಇದೇ ಯಾಕಾಗಬಾರದು ಅಂತ ಕೇಳುವವರು ಬಂದೇ ಬಂದರು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸರ್ಜನ್‌ಗಳಾದ ಲೂಯಿಸ್ ವಾಸ್ಕೊನೆಸ್ ಮತ್ತು ನಿಕನೋರ್ ಇಸ್ಸೆ ಎಂಡೋಸ್ಕೋಪ್ ಬಳಸಿ ಹುಬ್ಬು ಎತ್ತುವುದನ್ನು ತೋರಿಸಿದರು. 1994ರ ಹೊತ್ತಿಗೆ ಲೇಖನಗಳು ಬಂದವು. ಆಮೇಲೆ ಕೋರ್ಸ್‌ಗಳು, ವಿಡಿಯೋಗಳು, ಹೊಸ ಉಪಕರಣಗಳು.

ಹೋಲಿಕೆಯಲ್ಲಿ ಒಂದು ತೊಡಕಿತ್ತು. ಹೊಟ್ಟೆಯೊಳಗೆ ಗ್ಯಾಸ್ ತುಂಬಿದರೆ ಕೋಣೆಯಂತೆ ಜಾಗ ಸಿಗುತ್ತದೆ. ಹಣೆಯಲ್ಲಿ ಜಾಗವೇ ಇಲ್ಲ, ಚರ್ಮದ ಹಿಂದೆ ಮೂಳೆ. ಹಾಗಾಗಿ ಜಾಗವನ್ನು ಮಾಡಿಕೊಳ್ಳಬೇಕು. ಕೂದಲಿನೊಳಗೆ ಮೂರೋ ಐದೋ ಸಣ್ಣ ಗಾಯ, ಒಂದೊಂದೂ ಒಂದೂವರೆ, ಎರಡು ಸೆಂಟಿಮೀಟರ್. ಅದರ ಮೂಲಕ ಬಾಗಿದ ಉಳಿಯಂಥ ಸಾಧನ ತೂರಿಸಿ, ಮೂಳೆಗೆ ಅಂಟಿದ ಪೊರೆಯನ್ನು ಎಬ್ಬಿಸುತ್ತ ಹುಬ್ಬಿನ ಏಣಿನವರೆಗೆ ಹೋಗುತ್ತಾರೆ. ಮೊದಲರ್ಧ ಬರೀ ಕೈಯ ಅಂದಾಜು. ಹುಬ್ಬು ಹತ್ತಿರವಾದ ಮೇಲೆ 4 ಮಿಲಿಮೀಟರ್ ದಪ್ಪದ, ತುದಿಯಲ್ಲಿ ಓರೆ ನೋಟವಿರುವ ಎಂಡೋಸ್ಕೋಪ್ ಒಳಗೆ. ಅದರ ತುದಿಯ ಕೊಡೆಯಂಥ ಮುಚ್ಚಿಗೆ ಚರ್ಮವನ್ನು ಡೇರೆಯಂತೆ ಎತ್ತಿ ಹಿಡಿಯುತ್ತದೆ. ಪರದೆಯ ಮೇಲೆ ಕೆಳಗೆ ಬೆಳ್ಳಗೆ ಮೂಳೆ, ಮೇಲೆ ಕೆಂಪು ಸೂರು. ಹುಬ್ಬಿನ ಮೂಳೆಯಿಂದ ಹೊರಬರುವ ನರ ಬಿಳಿ ದಾರದ ಎಳೆಗಳಂತೆ ಕಾಣುತ್ತದೆ. ಕಣತಲೆಯ ಕಡೆ ಹೋದರೆ ನೀಲಿ ರಕ್ತನಾಳವೊಂದು ಎದುರಾಗುತ್ತದೆ. ಅದರ ಹೆಸರು 'ಸೆಂಟಿನೆಲ್ ವೇನ್', ಅಂದರೆ ಕಾವಲುಗಾರ. ಹುಬ್ಬೇರಿಸುವ ನರ ಅಲ್ಲೇ ಮೇಲೆ ಹಾದುಹೋಗಿರುತ್ತದೆ, ಇನ್ನು ಹುಷಾರು ಎಂದು ಅರ್ಥ.

ಅಷ್ಟೂ ಬಿಡಿಸಿ, ಗಂಟಿಕ್ಕುವ ಸ್ನಾಯುವನ್ನು ದುರ್ಬಲ ಮಾಡಿ, ಹಣೆಯ ಹೊದಿಕೆಯನ್ನು ಹಿಂದಕ್ಕೆ ಜಾರಿಸುತ್ತಾರೆ. ಚರ್ಮ ಒಂದಿಷ್ಟೂ ತೆಗೆಯುವುದಿಲ್ಲ. ಹಾಗಾದರೆ ಜಾರಿಸಿದ್ದು ಅಲ್ಲೇ ನಿಲ್ಲುವುದು ಹೇಗೆ?

ನನ್ನ ಪ್ರಕಾರ ಇಡೀ ಕಥೆಯ ಕೀಲಿ ಈ ಪ್ರಶ್ನೆ. ಹಳೇ ಪದ್ಧತಿಯಲ್ಲಿ ಗಾಯವೇ ಹಿಡಿದುಕೊಳ್ಳುವ ಕೆಲಸವನ್ನೂ ಮಾಡುತ್ತಿತ್ತು. ಗಾಯ ಸಣ್ಣದು ಮಾಡಿದಾಗ ಆ ಕೆಲಸಕ್ಕೆ ಬೇರೆ ಆಳು ಹುಡುಕಬೇಕಾಯಿತು. ಎಬ್ಬಿಸಿದ ಪೊರೆ ಮತ್ತೆ ಮೂಳೆಗೆ ಅಂಟಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಏನಾದರೂ ಹಿಡಿದಿರಬೇಕು. ಕೆಲವರು ತಲೆಬುರುಡೆಗೆ ಸಣ್ಣ ಸ್ಕ್ರೂ ಹಾಕಿ, ಅದರ ಹಿಂದೆ ಚರ್ಮಕ್ಕೆ ಪಿನ್ ಹೊಡೆದರು. ಸ್ಕ್ರೂವಿನ ತಲೆ ಕೂದಲ ನಡುವೆ ಹೊರಗೇ ಇರುತ್ತಿತ್ತು, ಎರಡು ವಾರದ ಹೊತ್ತಿಗೆ ಬಿಚ್ಚುತ್ತಿದ್ದರು. ಇನ್ನು ಕೆಲವರು ಮೂಳೆಯ ಹೊರಪದರದಲ್ಲಿ ಡ್ರಿಲ್ಲಿನಿಂದ ಸುರಂಗ ಕೊರೆದು ದಾರ ಪೋಣಿಸಿದರು. ಅಂಟು ಬಳಸಿದವರಿದ್ದಾರೆ. 2000ರ ನಂತರ, ಮೈಯಲ್ಲೇ ಕರಗುವ ಪ್ಲಾಸ್ಟಿಕ್‌ನ ಮುಳ್ಳುಹಲಗೆ ಬಂತು, ಎಂಡೋಟೈನ್ ಅಂತ. ಮುಳ್ಳುಗಳಿಗೆ ಹಣೆಯ ಒಳಪದರವನ್ನು ಸಿಕ್ಕಿಸುವುದು. ಕರಗುವವರೆಗೆ, ಅಂದರೆ ತಿಂಗಳುಗಟ್ಟಲೆ, ತಲೆ ಮುಟ್ಟಿದರೆ ಗುಬುಟು ಕೈಗೆ ತಾಗುತ್ತಿತ್ತು. ಇವರೆಲ್ಲರ ಮಧ್ಯೆ ಇನ್ನೊಂದು ಗುಂಪು, ಚೆನ್ನಾಗಿ ಬಿಡಿಸಿದರೆ ಸಾಕು, ಕಟ್ಟುವುದೇ ಬೇಡ ಎಂದಿತು! ಒಂದೇ ಆಪರೇಷನ್‌ಗೆ ಇಷ್ಟು ತರಹದ ಗಂಟು ಅಂದರೆ, ಯಾವ ಗಂಟಿನ ಮೇಲೂ ಎಲ್ಲರಿಗೂ ನಂಬಿಕೆ ಬಂದಿರಲಿಲ್ಲ ಅಂತ ತಾನೇ?

ಫಲಿತಾಂಶವೂ ಮಿಶ್ರ. ಚೆನ್ನಾಗಿ ಆದವರಿಗೆ ಮರಗಟ್ಟುವುದು ಕಡಿಮೆ, ಗಾಯ ಕೂದಲಲ್ಲಿ ಮಾಯ. ಕೆಲವರ ಹುಬ್ಬು ವರ್ಷದೊಳಗೆ ಮತ್ತೆ ಕೆಳಗೆ. ಇನ್ನು ಕೆಲವರಿಗೆ ಹೊರತುದಿ ಏರುವ ಬದಲು ಮೂಗಿನ ಕಡೆಯ ತುದಿ ಏರಿತು. ಗಂಟಿಕ್ಕುವ ಸ್ನಾಯು ತೆಗೆದರೆ ಹುಬ್ಬುಗಳು ದೂರ ಸರಿದು ಒಳತುದಿ ಮೇಲೇರುತ್ತದೆ, ಸದಾ ಬೆಚ್ಚಿಬಿದ್ದ ಮುಖ. ಮೊದಲೇ ಹಣೆ ಎತ್ತರವಿದ್ದವರಿಗೆ ಈ ವಿಧಾನ ಇನ್ನೂ ಕಷ್ಟ, ಹಣೆಯ ಜೊತೆ ಕೂದಲ ಗೆರೆಯೂ ಹಿಂದೆ ಹೋಗುತ್ತದೆ. 1996ರಲ್ಲಿ ಸರ್ಜನ್ ಡೇವಿಡ್ ನೈಜ್ ಕಣತಲೆಯ ಮೇಲೆ ಮಾತ್ರ ಸಣ್ಣ ಗಾಯ ಮಾಡಿ ಹೊರತುದಿಯನ್ನಷ್ಟೇ ಎತ್ತುವ ದಾರಿ ಬರೆದರು. ಎಂಡೋಸ್ಕೋಪ್ ಕಡ್ಡಾಯವೇನಲ್ಲ. ಆ ಗದ್ದಲದಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ ಅನ್ನಿಸುತ್ತದೆ. ಪರದೆಯ ಮೇಲೆ ತೋರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಅಲ್ವಾ.

ಎಂಡೋಸ್ಕೋಪ್‌ನ ಹೊಳಪು ಮಂಕಾಗಲು ಕಾರಣ ಬೇರೆ ಕಡೆಯಿಂದ ಬಂತು. 1987ರಲ್ಲಿ ಕೆನಡಾದ ವ್ಯಾಂಕೂವರ್‌ನ ಕಣ್ಣಿನ ವೈದ್ಯೆ ಜೀನ್ ಕರದರ್ಸ್, ಕಣ್ಣು ಪಟಪಟನೆ ಮುಚ್ಚಿಕೊಳ್ಳುವ ತೊಂದರೆಗೆ ಬೊಟುಲಿನಮ್ ಟಾಕ್ಸಿನ್ ಕೊಡುತ್ತಿದ್ದರು. ಹುಬ್ಬಿನ ನಡುವಿನ ಗಂಟಿನ ಗೆರೆ ಹೋಗಿರುವುದು ರೋಗಿಯೊಬ್ಬರಿಂದ ಗಮನಕ್ಕೆ ಬಂತು. ಚರ್ಮವೈದ್ಯರಾಗಿದ್ದ ಪತಿ ಅಲಸ್ಟೇರ್ ಜೊತೆ 1992ರಲ್ಲಿ ಅದನ್ನು ಪ್ರಕಟಿಸಿದರು. ಎಂಡೋಸ್ಕೋಪ್ ಹಣೆಯೊಳಗೆ ಹೊಕ್ಕ ಹೊತ್ತಿಗೇ ಇದೂ ಬಂತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಂಟಿನ ಗೆರೆಗೆ ಬೊಟಾಕ್ಸ್ (ಇದೇ ಟಾಕ್ಸಿನ್‌ನ ಮಾರಾಟದ ಹೆಸರು) ಒಪ್ಪಿತು. ಕೆಳಗೆಳೆಯುವ ಸ್ನಾಯುಗಳನ್ನು ಮಲಗಿಸಿದರೆ ಹಗ್ಗಜಗ್ಗಾಟದಲ್ಲಿ ಫ್ರಾಂಟಾಲಿಸ್ ಗೆಲ್ಲುತ್ತದೆ, ಹುಬ್ಬು ಒಂದೆರಡು ಮಿಲಿಮೀಟರ್ ಏರುತ್ತದೆ. ಮೂರ್ನಾಲ್ಕು ತಿಂಗಳಿಗೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಹಣೆಗೆ ಜಾಸ್ತಿ ಹಾಕಿದರೆ ಉಲ್ಟಾ ಹೊಡೆದು ಹುಬ್ಬು ಇಳಿಯುತ್ತದೆ. ಆದರೂ ಆಪರೇಷನ್ ಥಿಯೇಟರ್ ಇಲ್ಲ, ಊದಿಕೊಳ್ಳುವುದಿಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ ಲೆಕ್ಕದಲ್ಲಿ 2000ರಲ್ಲಿ ಒಂದು ಲಕ್ಷಕ್ಕೂ ಹೆಚ್ಚಿದ್ದ ಹಣೆ ಎತ್ತುವ ಸರ್ಜರಿ, ಮುಂದಿನ ಎರಡು ದಶಕಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು.

ಖಾಲಿಯಾದ ಜಾಗಕ್ಕೆ ಚರ್ಮದಡಿ ತೂರಿಸುವ, ಮುಳ್ಳು ಕೊರೆದ ದಾರಗಳು ಬಂದವು. 2009ರಲ್ಲಿ ಎಫ್‌ಡಿಎ ಹುಬ್ಬು ಎತ್ತಲು ಅಲ್ಟ್ರಾಸೌಂಡ್ ಯಂತ್ರವೊಂದನ್ನೂ ಒಪ್ಪಿತು. ದಾರ ಸುಮ್ನೆ ಎಳೆದು ಹಿಡಿಯುತ್ತದೆ, ಏನನ್ನೂ ಬಿಡಿಸುವುದಿಲ್ಲ. ಬಿಡಿಸದೆ ಎಳೆದದ್ದು ಎಷ್ಟು ದಿನ ನಿಂತೀತು? ಈ ಹೊತ್ತಿಗೆ 'ಮಿನಿಮಲಿ ಇನ್ವೇಸಿವ್' ಎಂಬ ಮಾತು ಚರ್ಮದ ಮೇಲಿನ ತೂತನ್ನಷ್ಟೇ ಅಳೆಯುತ್ತಿತ್ತು. ಒಳಗೆ ಎಷ್ಟು ಬಿಡಿಸಿದರು, ಎಷ್ಟು ವರ್ಷ ನಿಂತಿತು ಎಂಬುದು ಆ ಅಳತೆಯಲ್ಲಿ ಬರುವುದೇ ಇಲ್ಲ.

ಇನ್ನೂ ವಿಚಿತ್ರ ಎಂದರೆ, ಹುಬ್ಬು ನಿಜವಾಗಿ ಇಳಿದಿದೆಯೇ ಎಂಬ ಪ್ರಶ್ನೆ ತಡವಾಗಿ ಬಂತು. ವಯಸ್ಸಾದಂತೆ ಹುಬ್ಬು ಪೂರ್ತಿ ಕೆಳಗೆ ಬರುತ್ತದೆ ಎಂದೇ ಎಲ್ಲರೂ ನಂಬಿದ್ದರು. ಅಳೆದು ನೋಡಿದ ಅಧ್ಯಯನಗಳಲ್ಲಿ ಬೇರೆಯೇ ಕಂಡಿತು: ಅನೇಕರಲ್ಲಿ ಹುಬ್ಬಿನ ಒಳಭಾಗ ಮತ್ತು ನಡುಭಾಗ ವಯಸ್ಸಿನೊಂದಿಗೆ ಮೇಲೇರಿರುತ್ತದೆ. ರೆಪ್ಪೆಯ ಚರ್ಮ ಜೋತು ಕಣ್ಣಿಗೆ ಅಡ್ಡ ಬಂದಾಗ, ನಮಗೇ ಗೊತ್ತಿಲ್ಲದೆ ಹಣೆಯಿಂದ ಹುಬ್ಬನ್ನು ಎತ್ತಿ ಹಿಡಿದಿರುತ್ತೇವೆ. ಹೀಗಾಗಿ ರೆಪ್ಪೆಯ ಚರ್ಮ ತೆಗೆಸಿದವರ ಹುಬ್ಬು ಆಮೇಲೆ ಇಳಿದುಬಿಡುವುದುಂಟು. ಹಣೆ ತನ್ನ ಡ್ಯೂಟಿ ಮುಗಿಯಿತು ಅಂತ ವಿಶ್ರಾಂತಿಗೆ ಹೋಗಿರುತ್ತದೆ. ಅನುಭವಿ ಸರ್ಜನ್‌ಗಳು ಮೊದಲು ಕಣ್ಣು ಮುಚ್ಚಿಸಿ, ಹಣೆ ಸಡಿಲ ಬಿಡಿಸಿ, ಮೆಲ್ಲಗೆ ಕಣ್ಣು ತೆರೆಯಲು ಹೇಳುತ್ತಾರೆ. ಹುಬ್ಬಿನ ನಿಜವಾದ ಜಾಗ ಆ ಒಂದು ಕ್ಷಣದಲ್ಲಿ ಕಾಣುತ್ತದೆ. ಕನ್ನಡಿ ಮುಂದೆ ಬೆರಳಿನಿಂದ ಒತ್ತಿ ನೋಡುವ ನಮಗೆ ಅದು ಕಾಣುವುದಿಲ್ಲ.

ಚಂದದ ಹುಬ್ಬು ಎಂದರೇನು ಎಂಬುದೂ ಇಷ್ಟೇ ಅಲುಗಾಡುವ ನೆಲ. 1970ರ ದಶಕದಲ್ಲಿ ಮೇಕಪ್ ಕಲಾವಿದ ಮೈಕೆಲ್ ವೆಸ್ಟ್‌ಮೋರ್ ಹಾಕಿಕೊಟ್ಟ ಅಳತೆಯನ್ನು ಸರ್ಜನ್‌ಗಳು ಬಹಳ ಕಾಲ ಪಾಲಿಸಿದರು: ಹುಬ್ಬಿನ ಕಮಾನಿನ ತುದಿ ಕಣ್ಣಿನ ಕಪ್ಪುವೃತ್ತದ ಹೊರ ಅಂಚಿನ ನೇರಕ್ಕೆ. ಆಮೇಲೆ ಆ ತುದಿ ಇನ್ನೂ ಹೊರಗೆ ಸರಿಯಿತು. 2020ರ ಸುಮಾರಿಗೆ ಕಣ್ಣು, ಹುಬ್ಬಿನ ಹೊರತುದಿ ಮೇಲಕ್ಕೆ ಎಳೆದಂತಿರುವ ನರಿಗಣ್ಣಿನ ಹುಚ್ಚು ಹಿಡಿದು, ದಾರ ಎಳೆಸಿಕೊಳ್ಳುವವರ ಸಾಲು ಬೆಳೆಯಿತು. ದಾರ ಕರಗುವುದಕ್ಕೆ ಮೊದಲೇ ಫ್ಯಾಷನ್ ಮುಗಿದವರೂ ಇರಬಹುದು.

ಇತ್ತೀಚಿನ ಹೆಸರು 'ಗ್ಲೈಡಿಂಗ್ ಬ್ರೋ ಲಿಫ್ಟ್', ಬ್ರೆಜಿಲ್‌ನ ಫಾಸ್ಟೊ ವಿಟೆರ್ಬೊ ಅವರದು, 2019ರಲ್ಲಿ ಪ್ರಕಟವಾಯಿತು. ಗಾಯ ಕೆಲವೇ ಮಿಲಿಮೀಟರ್. ಇಲ್ಲಿ ಮೂಳೆಯ ತನಕ ಹೋಗುವುದಿಲ್ಲ, ಚರ್ಮದ ಕೆಳಗೇ, ಕ್ಯಾಮೆರಾ ಇಲ್ಲದೆ ಬಿಡಿಸುತ್ತಾರೆ. ಹಿಡಿದಿಡುವುದು ಹೇಗೆ? ಹೊರಗಿನಿಂದಲೇ ಹಣೆಯ ಮೇಲೆ ಸಾಲು ಸಾಲಾಗಿ ಹೊಲಿಗೆ, ಕೌದಿಗೆ ಹಾಕಿದಂತೆ. ರಕ್ತ ತುಂಬದಂತೆ ಬ್ರೆಜಿಲ್‌ನವರೇ ಆದ ಔರ್ಸ್‌ವಾಲ್ಡ್ ಸೋದರರು ಫೇಸ್‌ಲಿಫ್ಟ್‌ಗೆ ತಂದಿದ್ದ ಬಲೆ ಇದು, ಈಗ ಹುಬ್ಬನ್ನು ಹಿಡಿದಿಡಲೂ ಬಂದಿದೆ. ಎರಡು ಮೂರು ದಿನಕ್ಕೆ ಬಿಚ್ಚುತ್ತಾರೆ. ಕಾಣದಷ್ಟು ಸಣ್ಣ ಗಾಯದ ಆಪರೇಷನ್ ಮಾಡಿಸಿಕೊಂಡವರು ಆ ಎರಡು ಮೂರು ದಿನ ಹಣೆ ತುಂಬ ಕಪ್ಪು ದಾರ ಹೊತ್ತು ಕೂರುತ್ತಾರೆ. ದಾರ ಬಿಚ್ಚಿದ ಮೇಲೆ ಹುಬ್ಬು ಎಷ್ಟು ವರ್ಷ ಅಲ್ಲೇ ನಿಲ್ಲುತ್ತದೆ ಎಂಬ ಲೆಕ್ಕ ಈಗಷ್ಟೇ ಕೂಡುತ್ತಿದೆ.